ಅಂದು ಹೊರಹಾಕಿದರು, ಮುಂದೆ ಗೌರವಿಸಿದರು

ಸಮಾಜಸೇವೆಗಾಗಿ ಪ್ರಶಸ್ತಿ ಪಡೆದ ಕಾಲೇಜು ವಿದ್ಯಾರ್ಥಿಗಳೊಡನೆ ನಾವು ಒಂದು ಸಂವಾದ ಕಾರ್ಯಕ್ರಮವನ್ನು ಚಿತ್ರೀಕರಿಸುತ್ತಿದ್ದೆವು. ಕೊನೆಯ ಹಂತದಲ್ಲಿ, ಸಭಿಕರ ಸಾಲಿನಲ್ಲಿದ್ದ ಪ್ರಥಮ ಬಿ.ಎಸ್‌ಸಿ. ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: “ಸರ್, ಗಿಡ ನೆಟ್ಟರೆ, ರಕ್ತ ಕೊಟ್ಟರೆ ಎಲ್ಲರೂ ಹೊಗಳುತ್ತಾರೆ. ಊರಲ್ಲಿ ನಡೆಯೋ ಅನ್ಯಾಯದ ಬಗ್ಗೆ ಮಾತಾಡಿದರೆ ಮಾತ್ರ ‘ನಿನಗ್ಯಾಕಮ್ಮ ಅದೆಲ್ಲ, ಓದಿಕೋ ಹೋಗು’ ಅಂತಾರೆ. ಅದು ಸಮಾಜಸೇವೆ ಅಲ್ಲವಾ?”

ಅತಿಥಿಗಳು ಉತ್ತರಿಸಲು ತೊಡಗುವಷ್ಟರಲ್ಲಿ ನಮಗೆ ನಿಗದಿಯಾಗಿದ್ದ ಸಮಯ ಮುಗಿಯಿತು. ಆ ಪ್ರಶ್ನೆಗೆ ಕಾರ್ಯಕ್ರಮದಲ್ಲಿ ದೊರೆಯದ ಉತ್ತರವನ್ನು ಈ ಪುಟಗಳಲ್ಲಿ ಹುಡುಕೋಣ.

ಸೇವೆ ಮತ್ತು ನ್ಯಾಯ

ನಾನು ಪದವಿ ಓದುತ್ತಿದ್ದಾಗ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕನಾಗಿದ್ದೆ. ಬಯಲುಸೀಮೆಯ ಒಂದು ಹಳ್ಳಿಯಲ್ಲಿ ನಮ್ಮ ವಿಶೇಷ ಶಿಬಿರ ನಡೆಯಿತು. ಊರಿನಿಂದ ದಲಿತರ ಕೇರಿಗೆ ಹೋಗುವ ದಾರಿ ಮಳೆಗಾಲದಲ್ಲಿ ಕೆಸರಾಗುತ್ತಿತ್ತು. ಶಿಬಿರ ಮುಗಿಯುವವರೆಗೂ ಮಣ್ಣು ಹೊತ್ತು ಅದನ್ನು ಎತ್ತರಿಸಿದೆವು. ದಿನವೂ ಸಂಜೆ ಊರಬಾಗಿಲ ಬಳಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆವು. ನಮಗೆ ಒಳಗಿನ ಬೆಂಚು, ಸ್ಟೀಲ್ ಲೋಟ. ಕೇರಿಯಿಂದ ಬಂದವರಿಗಾಗಿ ಹೊರಗೆ ಸೂರಿನ ಸಂದಿಯಲ್ಲಿ ಬೇರೆ ಲೋಟಗಳನ್ನು ಸಿಕ್ಕಿಸಿಟ್ಟಿದ್ದರು. ಅವರು ಅದನ್ನು ತಾವೇ ತೆಗೆದುಕೊಂಡು, ನಿಂತೇ ಚಹಾ ಕುಡಿದು, ತೊಳೆದು ಮತ್ತೆ ಅಲ್ಲಿಯೇ ಸಿಕ್ಕಿಸಿ ಹೋಗುತ್ತಿದ್ದರು. ನಾವೆಲ್ಲ ಅದನ್ನು ನೋಡಿದೆವು. ಒಬ್ಬರೂ ಏನೂ ಕೇಳಲಿಲ್ಲ. ಶಿಬಿರದ ಪ್ರಮಾಣಪತ್ರ ಇಂದಿಗೂ ನನ್ನ ಬೀರುವಿನಲ್ಲಿದೆ.

ರಸ್ತೆ ಮಾಡಿದ್ದು ಸೇವೆ. ಆ ಲೋಟದ ಬಗ್ಗೆ ಕೇಳಿದ್ದರೆ ಅದು ನ್ಯಾಯದ ಕೆಲಸವಾಗುತ್ತಿತ್ತು. ಸೇವೆಯು ಇರುವ ಕಷ್ಟವನ್ನು ಕಡಿಮೆ ಮಾಡುತ್ತದೆ. ನ್ಯಾಯದ ಕೆಲಸವು ಆ ಕಷ್ಟ ಏಕೆ ಉಂಟಾಯಿತು ಎಂದು ಕೇಳುತ್ತದೆ. ಎರಡೂ ಬೇಕು. ಆದರೆ ಮೊದಲನೆಯದಕ್ಕೆ ಕೂಡಲೇ ಚಪ್ಪಾಳೆ ಸಿಗುತ್ತದೆ. ಎರಡನೆಯದಕ್ಕೆ ಮೊದಲು ಸಿಗುವುದು ಸಾಮಾನ್ಯವಾಗಿ ಶಿಕ್ಷೆ. ಇದಕ್ಕೆ ಒಳ್ಳೆಯ ಉದಾಹರಣೆ 1960ರಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದ ಕಾಲೇಜು ವಿದ್ಯಾರ್ಥಿಗಳು ನಡೆಸಿದ ಚಳವಳಿ. ಅವರೂ ಇಂಥದೇ ಒಂದು ಹೋಟೆಲ್ ಪ್ರಶ್ನೆಯನ್ನು ಎತ್ತಿಕೊಂಡರು. ಆ ಚಳವಳಿಯ ಒಂದು ಎಳೆ ನಮ್ಮ ದೇಶದ ನಾಗಪುರದಿಂದ ಹೋದದ್ದು.

ನಾಗಪುರದಿಂದ ನ್ಯಾಶ್‌ವಿಲ್‌ಗೆ

ಜೇಮ್ಸ್ ಲಾಸನ್ 1928ರಲ್ಲಿ ಜನಿಸಿದ ಕಪ್ಪು ವರ್ಣೀಯ ಅಮೆರಿಕನ್. ಕೊರಿಯಾ ಯುದ್ಧದ ಕಾಲದಲ್ಲಿ ಕಡ್ಡಾಯ ಸೈನ್ಯಸೇವೆಯನ್ನು ನಿರಾಕರಿಸಿ ಸೆರೆಮನೆಗೆ ಹೋದರು. ಬಿಡುಗಡೆಯಾದ ಮೇಲೆ ಮೆಥೋಡಿಸ್ಟ್ ಕ್ರೈಸ್ತ ಮಿಷನ್ ವತಿಯಿಂದ 1953ರಲ್ಲಿ ಭಾರತಕ್ಕೆ ಬಂದು ನಾಗಪುರದ ಹಿಸ್ಲಾಪ್ ಕಾಲೇಜಿನ ವಿದ್ಯಾರ್ಥಿಗಳ ನಡುವೆ ಸುಮಾರು ಮೂರು ವರ್ಷ ಕೆಲಸ ಮಾಡಿದರು. ಗಾಂಧೀಜಿಯವರ ಸತ್ಯಾಗ್ರಹದ ವಿಧಾನವನ್ನು ಅವರು ಇಲ್ಲಿ ಶ್ರದ್ಧೆಯಿಂದ ಅಭ್ಯಸಿಸಿದರು. ಅಲಬಾಮಾ ರಾಜ್ಯದ ಮಾಂಟ್‌ಗೊಮೆರಿಯಲ್ಲಿ ಕಪ್ಪು ಜನರು ಬಸ್ಸುಗಳನ್ನು ಬಹಿಷ್ಕರಿಸಿದ ಸುದ್ದಿಯನ್ನು ಅವರು ಓದಿದ್ದು ನಾಗಪುರದ ಪತ್ರಿಕೆಯಲ್ಲಿಯೇ.

1956ರಲ್ಲಿ ಸ್ವದೇಶಕ್ಕೆ ಮರಳಿದ ಲಾಸನ್, ಮರುವರ್ಷ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಭೇಟಿಯಾದರು. ದಕ್ಷಿಣದ ರಾಜ್ಯಗಳಿಗೆ ಈಗಲೇ ಬರಬೇಕೆಂದು ಕಿಂಗ್ ಒತ್ತಾಯಿಸಿದರು. ಅದರಂತೆ 1958ರಲ್ಲಿ ಲಾಸನ್ ಟೆನೆಸೀ ರಾಜ್ಯದ ನ್ಯಾಶ್‌ವಿಲ್‌ಗೆ ಬಂದು, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರದ ವಿದ್ಯಾರ್ಥಿಯಾದರು.

ಆಗಿನ ನ್ಯಾಶ್‌ವಿಲ್ ಹೇಗಿತ್ತು? ಪೇಟೆಯ ದೊಡ್ಡ ಅಂಗಡಿಗಳಲ್ಲಿ ಕಪ್ಪು ಜನರು ಬಟ್ಟೆ, ಪುಸ್ತಕ, ಪಾತ್ರೆ ಏನನ್ನಾದರೂ ಕೊಳ್ಳಬಹುದಿತ್ತು. ಅವರ ಹಣಕ್ಕೆ ಮೈಲಿಗೆಯಿರಲಿಲ್ಲ. ಆದರೆ ಅದೇ ಅಂಗಡಿಯೊಳಗಿನ ಊಟದ ಕೌಂಟರಿನಲ್ಲಿ ಕುಳಿತು ಒಂದು ಲೋಟ ಕಾಫಿ ಕುಡಿಯುವಂತಿರಲಿಲ್ಲ. ಷಿಕಾಗೋದಲ್ಲಿ ಬೆಳೆದು, 1959ರಲ್ಲಿ ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯಕ್ಕೆ ಸೇರಿದ ಡಯಾನ್ ನ್ಯಾಶ್ ಎಂಬ ವಿದ್ಯಾರ್ಥಿನಿಗೆ ಈ ಭೇದವನ್ನು ಸಹಿಸಲಾಗಲಿಲ್ಲ. ಅಲಬಾಮಾದ ಬಡ ಗೇಣಿದಾರರ ಮಗ ಜಾನ್ ಲೂಯಿಸ್ ಅಲ್ಲಿನ ಒಂದು ಬ್ಯಾಪ್ಟಿಸ್ಟ್ ಕಾಲೇಜಿನಲ್ಲಿ ಓದುತ್ತಿದ್ದ. ಇಂಥ ಹಲವರು ಲಾಸನ್ ಸುತ್ತ ಸೇರಿದರು.

ವೀಕ್ಷಣೆ ಮತ್ತು ತಾಲೀಮು

ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಈ ಚಳವಳಿಯಲ್ಲಿ ತುಂಬಾ ಹಿಡಿಸಿದ್ದು ಅದರ ಪೂರ್ವಸಿದ್ಧತೆ. ಪ್ರಯೋಗಶಾಲೆಯಲ್ಲಿ ನಾವು ಅನುಸರಿಸುವ ಕ್ರಮವನ್ನೇ ಅಲ್ಲಿಯೂ ಕಾಣಬಹುದು.

ಒಂದು ಹೆಜ್ಜೆ ವೀಕ್ಷಣೆ. 1959ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ವಿದ್ಯಾರ್ಥಿಗಳ ಸಣ್ಣ ತಂಡಗಳು ಎರಡು ದೊಡ್ಡ ಅಂಗಡಿಗಳಿಗೆ ಹೋದವು. ಸಾಮಾನು ಕೊಂಡು, ಕೌಂಟರಿನಲ್ಲಿ ಕುಳಿತು ತಿಂಡಿ ಕೇಳಿದರು. ಇಲ್ಲ ಎಂದಾಗ, ಏಕೆಂದು ವಿನಯದಿಂದ ವಿಚಾರಿಸಿ ಎದ್ದು ಬಂದರು. ‘ಭೇದವಿದೆಯಂತೆ’ ಎಂಬ ಗಾಳಿಮಾತು ಹೀಗೆ ಕಣ್ಣಾರೆ ಕಂಡ ಸಂಗತಿಯಾಯಿತು.

ಇನ್ನೊಂದು ಹೆಜ್ಜೆ ತಾಲೀಮು. ಒಂದು ಚರ್ಚಿನಲ್ಲಿ ಲಾಸನ್ ಕಾರ್ಯಶಿಬಿರಗಳನ್ನು ನಡೆಸಿದರು. ನಾಟಕದಲ್ಲಿ ಪಾತ್ರ ಹಂಚಿಕೊಳ್ಳುವಂತೆ ಕೆಲವರು ಗ್ರಾಹಕರಾಗಿ ಕುರ್ಚಿಯಲ್ಲಿ ಕೂರುತ್ತಿದ್ದರು; ಕೆಲವರು ಪುಂಡರಾಗಿ ಅವರನ್ನು ಬೈಯುವುದು, ತಳ್ಳುವುದು, ಮುಖಕ್ಕೆ ಸಿಗರೇಟಿನ ಹೊಗೆ ಬಿಡುವುದು ಮಾಡುತ್ತಿದ್ದರು. ಕುಳಿತವರು ತಿರುಗಿ ಹೊಡೆಯದೆ, ಓಡಿಹೋಗದೆ ತಾಳ್ಮೆಯಿಂದಿರಬೇಕು. ಕೆಳಗೆ ಬಿದ್ದರೆ ತಲೆಯನ್ನು ಹೇಗೆ ರಕ್ಷಿಸಿಕೊಳ್ಳಬೇಕು ಎಂಬುದನ್ನೂ ಕಲಿಸುತ್ತಿದ್ದರು. ಬಳಿಕ ಪಾತ್ರಗಳನ್ನು ಅದಲುಬದಲು ಮಾಡುತ್ತಿದ್ದರು. ಕೋಪವನ್ನು ತಡೆದುಕೊಳ್ಳಲಾಗದವರು ಬೇರೆ ಕೆಲಸ ವಹಿಸಿಕೊಳ್ಳಬಹುದಿತ್ತು. ಅಹಿಂಸೆ ಹುಟ್ಟುಗುಣವಲ್ಲ, ಅಭ್ಯಾಸದಿಂದ ಬರುವ ಕೌಶಲ ಎಂಬುದು ಲಾಸನ್ ಅವರ ತಿಳಿವಳಿಕೆಯಾಗಿತ್ತು.

ಕೌಂಟರಿನ ಮುಂದೆ

1960ರ ಫೆಬ್ರವರಿ 1ರಂದು ಉತ್ತರ ಕ್ಯಾರೊಲಿನಾ ರಾಜ್ಯದ ಗ್ರೀನ್ಸ್‌ಬರೊದಲ್ಲಿ ನಾಲ್ವರು ಕಾಲೇಜು ವಿದ್ಯಾರ್ಥಿಗಳು ವುಲ್ವರ್ತ್ ಅಂಗಡಿಯ ಕೌಂಟರಿನಲ್ಲಿ ಕುಳಿತು ಏಳಲು ಒಪ್ಪಲಿಲ್ಲ. ಸುದ್ದಿ ದೇಶವಿಡೀ ಹರಡಿತು. ಫೆಬ್ರವರಿ 13ರಂದು ನ್ಯಾಶ್‌ವಿಲ್‌ನ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಒಳ್ಳೆಯ ಉಡುಪು ಧರಿಸಿ, ಓದುವ ಪುಸ್ತಕಗಳನ್ನು ಹಿಡಿದು ಪೇಟೆಯ ಅಂಗಡಿಗಳಿಗೆ ಹೋದರು. ಕೌಂಟರಿನಲ್ಲಿ ಕುಳಿತರು. ತಿಂಡಿ ಕೊಡಲಿಲ್ಲ. ಸುಮ್ಮನೆ ಪಾಠ ಓದಿಕೊಳ್ಳುತ್ತಾ ಕುಳಿತಿದ್ದು ಹಿಂದಿರುಗಿದರು. ಕೆಲವು ದಿನಗಳ ನಂತರ ಮತ್ತೆ ಹೋದರು.

ಫೆಬ್ರವರಿ 27ರ ಶನಿವಾರ ಪುಂಡರ ಗುಂಪು ಅವರ ಮೇಲೆ ಬಿದ್ದಿತು. ಕುರ್ಚಿಗಳಿಂದ ಕೆಳಗೆಳೆದು ಹೊಡೆದರು. ಪೊಲೀಸರು ಬಂದು ಬಂಧಿಸಿದ್ದು ಹೊಡೆದವರನ್ನಲ್ಲ, ಹೊಡೆಸಿಕೊಂಡ ವಿದ್ಯಾರ್ಥಿಗಳನ್ನು. ಅಂದು 81 ಮಂದಿ ಬಂಧಿತರಾದರು. ಒಂದು ತಂಡವನ್ನು ಕರೆದೊಯ್ದ ಕೂಡಲೇ ಮತ್ತೊಂದು ತಂಡ ಬಂದು ಅದೇ ಕುರ್ಚಿಗಳಲ್ಲಿ ಕುಳಿತುಕೊಳ್ಳುತ್ತಿತ್ತು. ನ್ಯಾಯಾಲಯ ತಲಾ 50 ಡಾಲರ್ ದಂಡ ವಿಧಿಸಿತು. ಡಯಾನ್ ನ್ಯಾಶ್, ಜಾನ್ ಲೂಯಿಸ್ ಮೊದಲಾದವರು ದಂಡ ಕಟ್ಟಲು ನಿರಾಕರಿಸಿ ಸೆರೆಮನೆಯನ್ನೇ ಆರಿಸಿಕೊಂಡರು. ದಂಡ ಕಟ್ಟಿದರೆ ಅನ್ಯಾಯವನ್ನು ಬೆಂಬಲಿಸಿದಂತೆ ಎಂಬುದು ಅವರ ವಾದ.

ಇತ್ತ ಹಿರಿಯರೂ ಸುಮ್ಮನಿರಲಿಲ್ಲ. ಈಸ್ಟರ್ ಹಬ್ಬದ ಖರೀದಿಯ ಕಾಲದಲ್ಲಿ ನಗರದ ಕಪ್ಪು ಕುಟುಂಬಗಳು ಪೇಟೆಯ ಅಂಗಡಿಗಳನ್ನು ಬಹಿಷ್ಕರಿಸಿದವು. ವಿದ್ಯಾರ್ಥಿಗಳು ಎತ್ತಿದ ಪ್ರಶ್ನೆ ವ್ಯಾಪಾರಿಗಳ ಗಲ್ಲಾಪೆಟ್ಟಿಗೆಯನ್ನು ಮುಟ್ಟಿತು.

ಏಪ್ರಿಲ್ 19ರ ಪ್ರಶ್ನೆ

1960ರ ಏಪ್ರಿಲ್ 19ರ ಬೆಳಗಿನ ಜಾವ, ವಿದ್ಯಾರ್ಥಿಗಳ ಪರ ವಾದಿಸುತ್ತಿದ್ದ ವಕೀಲ ಅಲೆಕ್ಸಾಂಡರ್ ಲೂಬಿ ಅವರ ಮನೆಯ ಮೇಲೆ ಬಾಂಬ್ ಎಸೆಯಲಾಯಿತು. ಲೂಬಿ ದಂಪತಿಗಳು ಬದುಕಿದ್ದೇ ಅದೃಷ್ಟ. ಎದುರಿಗಿದ್ದ ವೈದ್ಯಕೀಯ ಕಾಲೇಜಿನ ಕಿಟಕಿಗಳ ಗಾಜುಗಳೂ ಪುಡಿಯಾದವು. ಅದೇ ದಿನ ಸಾವಿರಾರು ಜನ ಘೋಷಣೆಯಿಲ್ಲದೆ, ಮೌನವಾಗಿ, ಸಾಲುಸಾಲಾಗಿ ನಗರಸಭಾ ಭವನಕ್ಕೆ ನಡೆದರು.

ಮೇಯರ್ ಬೆನ್ ವೆಸ್ಟ್ ಮೆಟ್ಟಿಲುಗಳ ಬಳಿ ಬಂದರು. ಮೊದಲು ಸ್ವಲ್ಪ ಬಿರುಸಿನ ಮಾತುಗಳಾದವು. ಆಗ ಡಯಾನ್ ನ್ಯಾಶ್ ನೇರವಾಗಿ ಕೇಳಿದಳು: ಒಬ್ಬ ಮನುಷ್ಯನನ್ನು ಬಣ್ಣದ ಕಾರಣಕ್ಕೆ ಮಾತ್ರ ಭೇದದಿಂದ ಕಾಣುವುದು ತಪ್ಪೆಂದು ತಮಗೆ ಅನಿಸುವುದಿಲ್ಲವೇ? ಮೇಯರ್ ತಪ್ಪೆಂದು ಒಪ್ಪಿಕೊಂಡರು. ಹಾಗಾದರೆ ಊಟದ ಕೌಂಟರುಗಳಲ್ಲಿಯೂ ಭೇದ ಹೋಗಬೇಕಲ್ಲವೇ ಎಂದಾಗ ಹೌದೆಂದರು. ಆಗ ಅವಳಿಗೆ ಇಪ್ಪತ್ತೊಂದು ವರ್ಷ. ಆ ಪ್ರಶ್ನೆಯಲ್ಲಿ ಬೈಗುಳವಿರಲಿಲ್ಲ, ಬೇಡಿಕೆಯ ಪಟ್ಟಿಯೂ ಇರಲಿಲ್ಲ. ತಪ್ಪಿಸಿಕೊಳ್ಳಲು ಮಾತ್ರ ದಾರಿಯಿರಲಿಲ್ಲ.

ಮೇ 10ರಂದು ಪೇಟೆಯ ಆರು ಅಂಗಡಿಗಳು ತಮ್ಮ ಕೌಂಟರುಗಳಲ್ಲಿ ಕಪ್ಪು ಗ್ರಾಹಕರಿಗೆ ಮೊದಲ ಬಾರಿಗೆ ತಿಂಡಿ ಕೊಟ್ಟವು. ಇದರಿಂದ ಎಲ್ಲವೂ ಸರಿಹೋಯಿತೆಂದಲ್ಲ. ನಗರದ ಇನ್ನೂ ಅನೇಕ ಹೋಟೆಲುಗಳು, ಚಿತ್ರಮಂದಿರಗಳು ಮುಚ್ಚಿದ ಬಾಗಿಲನ್ನು ತೆರೆದಿರಲಿಲ್ಲ. ಇಂಥ ಭೇದವನ್ನು ದೇಶಾದ್ಯಂತ ನಿಷೇಧಿಸುವ ಕಾನೂನಿಗೆ ಅಮೆರಿಕ 1964ರ ಜುಲೈ 2ರವರೆಗೆ ಕಾಯಬೇಕಾಯಿತು.

ತೆತ್ತ ಬೆಲೆ, ತಡವಾಗಿ ಬಂದ ಗೌರವ

ಈಗ ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಈ ವಿದ್ಯಾರ್ಥಿಗಳಿಗೆ ಅವರ ಶಿಕ್ಷಣ ಸಂಸ್ಥೆಗಳು ಕೊಟ್ಟದ್ದೇನು?

1960ರ ಮಾರ್ಚ್‌ನಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಲಾಸನ್ ಅವರನ್ನು ಹೊರಹಾಕಿತು. ಇದನ್ನು ಪ್ರತಿಭಟಿಸಿ ಹಲವು ಪ್ರಾಧ್ಯಾಪಕರು ರಾಜೀನಾಮೆ ಸಲ್ಲಿಸಿದರು. ಲಾಸನ್ ಬಾಸ್ಟನ್‌ಗೆ ಹೋಗಿ ಪದವಿ ಮುಗಿಸಿದರು. 1961ರಲ್ಲಿ, ಅಂತರರಾಜ್ಯ ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ ನಡೆದ ‘ಫ್ರೀಡಂ ರೈಡ್’ ಪ್ರಯಾಣದಲ್ಲಿ ಪಾಲ್ಗೊಂಡ ತಪ್ಪಿಗೆ, ಇಂದು ಟೆನೆಸೀ ಸ್ಟೇಟ್ ಎಂದು ಕರೆಯಲಾಗುವ ನ್ಯಾಶ್‌ವಿಲ್‌ನ ವಿಶ್ವವಿದ್ಯಾಲಯ ತನ್ನ 14 ವಿದ್ಯಾರ್ಥಿಗಳನ್ನು ಹೊರಹಾಕಿತು. ಅದು ಕಪ್ಪು ವಿದ್ಯಾರ್ಥಿಗಳಿಗಾಗಿಯೇ ಇದ್ದ ಸರ್ಕಾರಿ ಸಂಸ್ಥೆ ಎಂಬುದನ್ನು ಗಮನಿಸಬೇಕು.

ಗೌರವ ಬಂದದ್ದು ಯಾವಾಗ? ವ್ಯಾಂಡರ್‌ಬಿಲ್ಟ್ ತನ್ನ ನಡೆಗೆ ವಿಷಾದಿಸಿ, 2006ರಲ್ಲಿ ಲಾಸನ್ ಅವರನ್ನು ಸಂದರ್ಶಕ ಪ್ರಾಧ್ಯಾಪಕರಾಗಿ ಬರಮಾಡಿಕೊಂಡಿತು. ಅಹಿಂಸಾ ಚಳವಳಿಗಳ ಅಧ್ಯಯನಕ್ಕೆ ಅವರ ಹೆಸರಿನ ಸಂಸ್ಥೆಯೇ ಈಗ ಅಲ್ಲಿದೆ. ಲಾಸನ್ 2024ರ ಜೂನ್‌ನಲ್ಲಿ ನಿಧನರಾದರು. ಹೊರಹಾಕಲ್ಪಟ್ಟ ಆ 14 ವಿದ್ಯಾರ್ಥಿಗಳಿಗೆ ಟೆನೆಸೀ ಸ್ಟೇಟ್ ವಿಶ್ವವಿದ್ಯಾಲಯ 2008ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ನಡುವೆ 47 ವರ್ಷಗಳು ಕಳೆದಿದ್ದವು. ಜಾನ್ ಲೂಯಿಸ್ 1987ರಿಂದ 2020ರಲ್ಲಿ ತೀರಿಕೊಳ್ಳುವವರೆಗೂ ಅಮೆರಿಕದ ಸಂಸತ್ತಿನ ಸದಸ್ಯರಾಗಿದ್ದರು. ಅವರಿಗೆ 2011ರಲ್ಲಿ, ಡಯಾನ್ ನ್ಯಾಶ್ ಅವರಿಗೆ 2022ರಲ್ಲಿ ಆ ದೇಶದ ಅತ್ಯುನ್ನತ ನಾಗರಿಕ ಪುರಸ್ಕಾರವಾದ ಸ್ವಾತಂತ್ರ್ಯ ಪದಕ ದೊರೆಯಿತು.

ಆದರೆ ಕೌಂಟರಿನಲ್ಲಿ ಕುಳಿತ ಬಹಳಷ್ಟು ಮಂದಿಗೆ ಯಾವ ಪದಕವೂ ಬರಲಿಲ್ಲ. ಅವರು ಪದಕಕ್ಕಾಗಿ ಕುಳಿತವರೂ ಅಲ್ಲ.

ನಮ್ಮ ಪಾಲಿನ ಪಾಠ

ಅಮೆರಿಕಕ್ಕಿಂತ ಬಹು ಮೊದಲೇ ನಮ್ಮ ಸಂವಿಧಾನ ಈ ಪ್ರಶ್ನೆಗೆ ಉತ್ತರ ಬರೆದಿಟ್ಟಿತ್ತು. 1950ರ ಜನವರಿ 26ರಿಂದ ಜಾರಿಯಲ್ಲಿರುವ ಅದರ 15ನೇ ವಿಧಿಯ ಪ್ರಕಾರ ಜಾತಿ, ಧರ್ಮ, ಲಿಂಗ ಮುಂತಾದ ಕಾರಣಗಳಿಂದ ಯಾರಿಗೂ ಅಂಗಡಿ, ಹೋಟೆಲುಗಳ ಪ್ರವೇಶವನ್ನು ನಿರಾಕರಿಸುವಂತಿಲ್ಲ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿದೆ. ಅದನ್ನು ಆಚರಿಸುವವರನ್ನು ಶಿಕ್ಷಿಸಲು 1955ರಲ್ಲಿಯೇ ಕಾನೂನು ಬಂದಿತು. ಹೀಗಿದ್ದೂ ನಾನು ಕಂಡ ಲೋಟಗಳು ಆ ಸೂರಿನಲ್ಲಿ ಇದ್ದವು. ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಅದನ್ನು ಸೂರಿನವರೆಗೆ ಒಯ್ಯುವ ಮನುಷ್ಯರು ಬೇಕು.

ವಿದ್ಯಾರ್ಥಿಗಳಿಗೆ ಆ ದಾರಿ ತೆರೆಯಲೆಂದೇ 1969ರ ಸೆಪ್ಟೆಂಬರ್ 24ರಂದು, ಗಾಂಧಿ ಜನ್ಮಶತಾಬ್ದಿಯ ವರ್ಷದಲ್ಲಿ, ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಡನೆ ಅದನ್ನು ಪ್ರಾರಂಭಿಸಿದವರು ಆಗಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್, ಅವರು ಲೋಕಸಭೆಯಲ್ಲಿ ಬಳ್ಳಾರಿಯ ಪ್ರತಿನಿಧಿಯಾಗಿದ್ದರು. ‘ನನಗಲ್ಲ, ನಿನಗೆ’ ಎಂಬುದು ಅದರ ಧ್ಯೇಯ. ಉತ್ತಮ ಸ್ವಯಂಸೇವಕರಿಗೆ ರಾಷ್ಟ್ರಮಟ್ಟದ ಪ್ರಶಸ್ತಿಗಳನ್ನು 1993–94ರಲ್ಲಿ ಸ್ಥಾಪಿಸಲಾಯಿತು. ಪ್ರಶಸ್ತಿ ಒಳ್ಳೆಯದೇ, ಅದು ಇತರರಿಗೆ ಉತ್ಸಾಹ ಕೊಡುತ್ತದೆ. ಎರಡು ವರ್ಷಗಳಲ್ಲಿ 240 ಗಂಟೆ ದುಡಿಯಬೇಕೆಂಬ ನಿಯಮವೂ ಒಳ್ಳೆಯದೇ. ಆದರೆ ಗಂಟೆಗಳನ್ನು ಎಣಿಸಿದಂತೆ ಒಂದು ಸರಿಯಾದ ಪ್ರಶ್ನೆಯನ್ನು ಎಣಿಸಲಾಗುವುದಿಲ್ಲ.

ಆದ್ದರಿಂದ ಆ ವಿದ್ಯಾರ್ಥಿನಿಗೆ ನನ್ನ ಉತ್ತರ ಇಷ್ಟು: ಹೌದಮ್ಮ, ಅದೂ ಸಮಾಜಸೇವೆಯೇ. ಆದರೆ ಒಬ್ಬಳೇ ಮುನ್ನುಗ್ಗಬೇಡ. ಮೊದಲು ಸರಿಯಾಗಿ ನೋಡು, ಕಂಡದ್ದನ್ನು ಬರೆದಿಡು. ಕಾನೂನು ಏನು ಹೇಳುತ್ತದೆಂದು ತಿಳಿದುಕೋ. ನೊಂದವರನ್ನೇ ಕೇಳು, ಏಕೆಂದರೆ ಪರಿಣಾಮವನ್ನು ಅನುಭವಿಸುವವರು ಅವರು. ಗೆಳೆಯರನ್ನೂ ನಂಬಿಕೆಯ ಅಧ್ಯಾಪಕರನ್ನೂ ಜೊತೆ ಮಾಡಿಕೋ. ಆಮೇಲೆ ಕೇಳು, ವಿನಯದಿಂದ, ನೇರವಾಗಿ. ನಾನು ಆ ಹೋಟೆಲಿನಲ್ಲಿ ಕೇಳದೆ ಬಂದ ಪ್ರಶ್ನೆ ಇಂದಿಗೂ ನನ್ನ ಜೊತೆಗಿದೆ. ನಿನ್ನ ಪ್ರಶ್ನೆ ಹಾಗೆ ಉಳಿದುಹೋಗದಿರಲಿ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ನಿಮ್ಮ ಕಾಲೇಜಿನ ಸೇವಾ ಶಿಬಿರ ನಡೆದ ಊರಿನಲ್ಲಿ ನೀವು ನೋಡಿಯೂ ಕೇಳದೆ ಬಂದ ಸಂಗತಿ ಯಾವುದಾದರೂ ಇದೆಯೇ?
2. ದಂಡ ಕಟ್ಟುವ ಬದಲು ಸೆರೆಮನೆಯನ್ನು ಆರಿಸಿಕೊಂಡ ವಿದ್ಯಾರ್ಥಿಗಳ ನಿರ್ಧಾರ ಸರಿಯೇ? ಏಕೆ?
3. ಹಿರಿಯರ ಬಹಿಷ್ಕಾರವಿಲ್ಲದೆ ವಿದ್ಯಾರ್ಥಿಗಳು ಗೆಲ್ಲುತ್ತಿದ್ದರೇ?
4. ಸಮಾಜಸೇವೆಯ ಪ್ರಶಸ್ತಿಗೆ ಆಯ್ಕೆ ಮಾಡುವವರು ನೀವಾದರೆ, ಗಂಟೆಗಳಲ್ಲದೆ ಇನ್ನೇನನ್ನು ಪರಿಗಣಿಸುವಿರಿ?