ಬುಲ್‌ಪೆನ್ ಕುಸಿದಾಗ: ವಾಷಿಂಗ್ಟನ್ ನ್ಯಾಷನಲ್ಸ್ ತಂಡದ 2019ರ ಕಥೆ

ಸೊನ್ನೆಯಿಂದ ಯಾವ ಸಂಖ್ಯೆಯನ್ನೂ ಭಾಗಿಸಲಾಗದು ಎಂಬುದು ಪ್ರೌಢಶಾಲೆಯ ಗಣಿತ. ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳಿಗೆ ಈ ಪಾಠ 2019ರ ಏಪ್ರಿಲ್ ಮೊದಲ ವಾರದಲ್ಲಿ ಮತ್ತೊಮ್ಮೆ ನೆನಪಾಯಿತು. ವಾಷಿಂಗ್ಟನ್ ನ್ಯಾಷನಲ್ಸ್ ತಂಡದ ಪಿಚರ್ ಟ್ರೆವರ್ ರೋಸೆಂಥಾಲ್ ಆ ಋತುವಿನ ತಮ್ಮ ಮೊದಲ ನಾಲ್ಕು ಪ್ರವೇಶಗಳಲ್ಲಿ 7 ರನ್ ಬಿಟ್ಟುಕೊಟ್ಟಿದ್ದರು. ಆದರೆ ಒಬ್ಬನೇ ಒಬ್ಬ ಬ್ಯಾಟರನ್ನೂ ಔಟ್ ಮಾಡಿರಲಿಲ್ಲ. ಹೀಗಾಗಿ ಅವರ ಸರಾಸರಿಯ ಜಾಗದಲ್ಲಿ ಅಂಕಿಯೇ ಇರಲಿಲ್ಲ; ಅನಂತದ ಚಿಹ್ನೆ ಇತ್ತು.

ಕ್ರಿಕೆಟ್ ಬಲ್ಲವರಿಗೆ ಇದು ಅಷ್ಟೇನೂ ಅಪರಿಚಿತವಲ್ಲ. ವಿಕೆಟ್ ಪಡೆಯದ ಬೌಲರನ ಸರಾಸರಿಯ ಮುಂದೆ ನಾವು ಒಂದು ಸಣ್ಣ ಗೆರೆ ಎಳೆದು ಸುಮ್ಮನಾಗುತ್ತೇವೆ. ಬೇಸ್‌ಬಾಲ್‌ನಲ್ಲಿ ಮಾತ್ರ ಪಿಚರ್‌ನ ಯೋಗ್ಯತೆಯನ್ನು ಅಳೆಯುವ ಮುಖ್ಯ ಮಾನದಂಡವೇ ಇಆರ್‌ಎ ಎಂಬ ಸರಾಸರಿ. ಪಿಚರ್ ತನ್ನದೇ ಹೊಣೆಯಿಂದ ಕೊಟ್ಟ ರನ್‌ಗಳನ್ನು 9ರಿಂದ ಗುಣಿಸಿ, ಆತ ಎಸೆದ ಇನಿಂಗ್ಸ್‌ಗಳಿಂದ ಭಾಗಿಸಿದರೆ ಅದು ದೊರೆಯುತ್ತದೆ. ಒಂದು ಪಂದ್ಯಕ್ಕೆ 9 ಇನಿಂಗ್ಸ್, ಒಂದು ಇನಿಂಗ್ಸ್‌ಗೆ 3 ಔಟ್. ಅಂದರೆ ಪೂರ್ತಿ ಪಂದ್ಯ ಎಸೆದಿದ್ದರೆ ಈತ ಎಷ್ಟು ರನ್ ಕೊಡುತ್ತಿದ್ದ ಎಂಬ ಲೆಕ್ಕವಿದು. ನಾಲ್ಕರ ಒಳಗಿದ್ದರೆ ಒಳ್ಳೆಯವನು, ಆರು ದಾಟಿದರೆ ಕೆಲಸ ಕಳೆದುಕೊಳ್ಳುವ ಭಯ.

ಕೊಟ್ಟಿಗೆಯ ಕಾವಲುಗಾರರು

ಬುಲ್‌ಪೆನ್ ಎಂಬ ಪದಕ್ಕೆ ಹೋರಿಗಳ ದೊಡ್ಡಿ ಎಂದು ಅರ್ಥ ಹೇಳಬಹುದು. ಬೇಸ್‌ಬಾಲ್‌ನಲ್ಲಿ ಅದು ಬದಲಿ ಪಿಚರ್‌ಗಳು ಕುಳಿತು, ತೋಳು ಬಿಸಿ ಮಾಡಿಕೊಳ್ಳುವ ಜಾಗ. ಕಾಲಕ್ರಮದಲ್ಲಿ ಆ ಜಾಗದ ಹೆಸರು ಅಲ್ಲಿ ಕೂರುವ ಗುಂಪಿಗೂ ಅಂಟಿತು.

ಪಂದ್ಯ ಆರಂಭಿಸುವವನು ಸ್ಟಾರ್ಟರ್. ಆತ ಐದಾರು ಇನಿಂಗ್ಸ್ ಎಸೆದು, ನೂರರ ಆಸುಪಾಸು ಚೆಂಡುಗಳಾದ ಮೇಲೆ ನಿರ್ಗಮಿಸುತ್ತಾನೆ. ಮತ್ತೆ ಅವನ ಸರದಿ ಐದು ದಿನಗಳ ಬಳಿಕ. ಉಳಿದ ಮೂರ್ನಾಲ್ಕು ಇನಿಂಗ್ಸ್ ಬುಲ್‌ಪೆನ್‌ನ ಹೊಣೆ. ಮುನ್ನಡೆಯಿರುವ ಪಂದ್ಯದ ಕೊನೆಯ ಮೂರು ಔಟ್‌ಗಳನ್ನು ಪಡೆಯುವವನಿಗೆ ಕ್ಲೋಸರ್ ಎಂಬ ವಿಶೇಷ ಸ್ಥಾನವಿದೆ. ನಮ್ಮ ಸೀಮಿತ ಓವರ್‌ಗಳ ಕ್ರಿಕೆಟ್‌ನಲ್ಲಿ ಕೊನೆಯ ಓವರ್ ಎಸೆಯುವವನಿಗೆ ಸಲ್ಲುವ ಹೊಗಳಿಕೆ, ಬೈಗುಳ ಎರಡೂ ಅಲ್ಲಿ ಕ್ಲೋಸರ್‌ಗೆ ಸಲ್ಲುತ್ತವೆ. ಒಂದು ವ್ಯತ್ಯಾಸವಿದೆ. ಒಮ್ಮೆ ಹೊರಹೋದ ಬೇಸ್‌ಬಾಲ್ ಆಟಗಾರ ಆ ಪಂದ್ಯಕ್ಕೆ ಮರಳುವಂತಿಲ್ಲ. ಆದ್ದರಿಂದ ಯಾರನ್ನು ಯಾವಾಗ ಕಳುಹಿಸಬೇಕೆಂಬ ತೀರ್ಮಾನ ತಪ್ಪಿದರೆ ಅದನ್ನು ತಿದ್ದಿಕೊಳ್ಳುವ ಅವಕಾಶವೂ ಹೋಗುತ್ತದೆ.

ಋತುವಿನ ಆರಂಭದಲ್ಲಿ ಬುಲ್‌ಪೆನ್ ಕುಸಿಯುವುದು ಅಪರೂಪದ ಸಂಗತಿಯಲ್ಲ. ಮಾರ್ಚ್ ಕೊನೆಯಲ್ಲಿ ಅಮೆರಿಕದ ಉತ್ತರದ ನಗರಗಳಲ್ಲಿ ಇನ್ನೂ ಚಳಿ. ಬೆರಳುಗಳಿಗೆ ಚೆಂಡಿನ ಹಿಡಿತ ಸಿಗದು. ಸ್ಟಾರ್ಟರ್‌ಗಳ ತೋಳು ಪೂರ್ಣ ಹದಕ್ಕೆ ಬಂದಿರುವುದಿಲ್ಲವಾಗಿ ಅವರು ಬೇಗ ಹೊರನಡೆಯುತ್ತಾರೆ, ಭಾರವೆಲ್ಲ ಬದಲಿಗಳ ಮೇಲೆ ಬೀಳುತ್ತದೆ. ಇನ್ನು ಬದಲಿ ಪಿಚರ್ ಇಡೀ ವರ್ಷ ಎಸೆಯುವುದೇ ಅರವತ್ತು, ಎಪ್ಪತ್ತು ಇನಿಂಗ್ಸ್. ಎರಡು ಕೆಟ್ಟ ರಾತ್ರಿಗಳು ಬಂದರೆ ಸಾಕು, ಅವನ ಸರಾಸರಿ ತಿಂಗಳುಗಟ್ಟಲೆ ಚೇತರಿಸಿಕೊಳ್ಳುವುದಿಲ್ಲ. ತಂಡ ನಂಬಿಕೆಯಿಟ್ಟ ಇಬ್ಬರು ಎಡವಿದರೆ ಮೂರನೆಯವನನ್ನು ದಿನಬಿಟ್ಟು ದಿನ ಇಳಿಸಬೇಕಾಗುತ್ತದೆ, ಅವನೂ ದಣಿಯುತ್ತಾನೆ. ಕಣಕ್ಕೆ ಇಳಿಯದಿದ್ದರೂ ಬುಲ್‌ಪೆನ್‌ನಲ್ಲಿ ಎದ್ದು ತೋಳು ಬಿಸಿ ಮಾಡಿಕೊಂಡ ಪ್ರತಿ ಸಲವೂ ಶರೀರಕ್ಕೆ ಲೆಕ್ಕವೇ. ಅಂಕಿಅಂಶಗಳ ಪುಸ್ತಕದಲ್ಲಿ ಅದು ಕಾಣುವುದಿಲ್ಲ ಅಷ್ಟೆ.

ನ್ಯಾಷನಲ್ಸ್ ತಂಡದಲ್ಲಿ ಆದದ್ದೂ ಇದೇ. ಮ್ಯಾಕ್ಸ್ ಶೆರ್ಜರ್, ಸ್ಟೀಫನ್ ಸ್ಟ್ರಾಸ್‌ಬರ್ಗ್, ಪ್ಯಾಟ್ರಿಕ್ ಕಾರ್ಬಿನ್ ಎಂಬ ಮೂವರು ದುಬಾರಿ ಸ್ಟಾರ್ಟರ್‌ಗಳಿದ್ದರು. ಕ್ಲೋಸರ್ ಶಾನ್ ಡೂಲಿಟಲ್ ಅವರನ್ನು ಬಿಟ್ಟರೆ ಹಿಂದೆ ಭರವಸೆಯ ಆಸರೆ ಇರಲಿಲ್ಲ. ಆ ಕೊರತೆ ನೀಗಿಸಲೆಂದೇ 70 ಲಕ್ಷ ಡಾಲರ್‌ಗೆ ರೋಸೆಂಥಾಲ್ ಅವರನ್ನು ತರಲಾಗಿತ್ತು.

ಮೊಣಕೈಯ ಒಳಗಿನ ದಾರ

ರೋಸೆಂಥಾಲ್ ಸಾಮಾನ್ಯ ಆಟಗಾರರೇನೂ ಅಲ್ಲ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪರ 2014ರಲ್ಲಿ 45 ಹಾಗೂ 2015ರಲ್ಲಿ 48 ಪಂದ್ಯಗಳನ್ನು ಕಾಪಾಡಿ ಮುಗಿಸಿದ ಕ್ಲೋಸರ್. 2017ರ ಆಗಸ್ಟ್‌ನಲ್ಲಿ ಅವರ ಬಲ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. 2018ರ ಇಡೀ ಋತುವನ್ನು ಅವರು ಹೊರಗೆ ಕಳೆದರು.

ಆ ಶಸ್ತ್ರಚಿಕಿತ್ಸೆಗೆ ಆಟಗಾರನೊಬ್ಬನ ಹೆಸರೇ ಇದೆ: ಟಾಮಿ ಜಾನ್. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಈ ಎಡಗೈ ಪಿಚರ್‌ಗೆ 1974ರ ಸೆಪ್ಟೆಂಬರ್‌ನಲ್ಲಿ ಡಾ. ಫ್ರಾಂಕ್ ಜೋಬ್ ಅದುವರೆಗೆ ಯಾವ ಪಿಚರ್‌ಗೂ ಮಾಡದ ಚಿಕಿತ್ಸೆಯೊಂದನ್ನು ಮಾಡಿದರು. ಮೊಣಕೈಯ ಒಳಮಗ್ಗುಲಲ್ಲಿ ಮೇಲ್ತೋಳಿನ ಮೂಳೆಯನ್ನೂ ಮುಂಗೈ ಮೂಳೆಯನ್ನೂ ಬಿಗಿದಿಡುವ ಅಸ್ಥಿರಜ್ಜು ಹರಿದಿತ್ತು. ವೈದ್ಯರು ಮುಂಗೈಯಿಂದ ಸ್ನಾಯುರಜ್ಜುವೊಂದನ್ನು ತೆಗೆದು, ಎರಡೂ ಮೂಳೆಗಳಲ್ಲಿ ರಂಧ್ರ ಕೊರೆದು, ಇಂಗ್ಲಿಷಿನ ಎಂಟರ ಆಕಾರದಲ್ಲಿ ಪೋಣಿಸಿ ಕಟ್ಟಿದರು. 1976ರಲ್ಲಿ ಮರಳಿದ ಜಾನ್ 1989ರವರೆಗೂ ಆಡಿದರು. ಅವರ ಒಟ್ಟು 288 ಗೆಲುವುಗಳಲ್ಲಿ 164 ಬಂದದ್ದು ಚಿಕಿತ್ಸೆಯ ನಂತರವೇ.

ಅಂದಹಾಗೆ, ಹೀಗೆ ಎರವಲು ಪಡೆಯುವ ಆ ರಜ್ಜುವನ್ನು ಓದುಗರು ತಮ್ಮ ಕೈಯಲ್ಲೇ ನೋಡಬಹುದು. ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ ಮಣಿಕಟ್ಟನ್ನು ಸ್ವಲ್ಪ ಬಾಗಿಸಿದರೆ ನಡುವೆ ಎದ್ದು ಕಾಣುವ ನೂಲೇ ಅದು. ಕೆಲವರಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ, ಇಲ್ಲವೆಂದು ಅವರಿಗೆ ಗೊತ್ತೂ ಆಗುವುದಿಲ್ಲ. ಅಂಥವರಿಗೆ ತೊಡೆಯ ಹಿಂಭಾಗದಿಂದ ರಜ್ಜು ತೆಗೆಯುವುದುಂಟು.

ಬೇಸ್‌ಬಾಲ್ ಪಿಚರ್‌ಗೇ ಏಕೆ ಈ ಪಾಡು? ಕ್ರಿಕೆಟ್ ಬೌಲರ್ ದೂರದಿಂದ ಓಡಿಬಂದು ವೇಗ ಕೂಡಿಸಿಕೊಳ್ಳುತ್ತಾನೆ. ಅವನ ಮೊಣಕೈ ನೆಟ್ಟಗಿರಬೇಕು. 15 ಡಿಗ್ರಿಗಿಂತ ಹೆಚ್ಚು ನೀಳವಾದರೆ ನಿಯಮಭಂಗ. ಆದ್ದರಿಂದ ನಮ್ಮ ವೇಗಿಗಳ ಪೆಟ್ಟುಗಳು ಬೆನ್ನು, ಮಂಡಿ, ಭುಜಗಳಲ್ಲೇ ಹೆಚ್ಚು. 1997ರಲ್ಲಿ ಮೈಸೂರಿನ ಜಾವಗಲ್ ಶ್ರೀನಾಥ್ ಅವರನ್ನು ತಿಂಗಳುಗಟ್ಟಲೆ ಕೂರಿಸಿದ್ದು ಭುಜದ ಗಾಯ. ಬೇಸ್‌ಬಾಲ್ ಪಿಚರ್ ಹಾಗಲ್ಲ. 18.4 ಮೀಟರ್ ದೂರದ ದಿಬ್ಬದ ಮೇಲೆ ನಿಂತಲ್ಲಿಂದ ಒಂದೇ ಹೆಜ್ಜೆ ಚಾಚುತ್ತಾನೆ. ತೋಳು ಹಿಂದಕ್ಕೆ ಬಾಗಿ, ಮೊಣಕೈ ಮಡಚಿ, ಚಾಟಿಯಂತೆ ಮುಂದಕ್ಕೆ ಚಿಮ್ಮುತ್ತದೆ. ಆ ಕ್ಷಣದ ತಿರುಚುವ ಬಲವನ್ನೆಲ್ಲ ಮೊಣಕೈಯ ಒಳಮಗ್ಗುಲು ತಾಳಿಕೊಳ್ಳಬೇಕು. ಇದರ ಮೇಲೆ ವೇಗದ ಹುಚ್ಚು ಬೇರೆ. 2024ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಆಡಳಿತವೇ ಪ್ರಕಟಿಸಿದ ವರದಿಯ ಪ್ರಕಾರ, ವೇಗದ ಚೆಂಡಿನ ಸರಾಸರಿ ವೇಗ 2008ರಲ್ಲಿ ಗಂಟೆಗೆ 91.3 ಮೈಲಿ ಇದ್ದದ್ದು 2024ಕ್ಕೆ 94.2 ಮೈಲಿಗೆ ಏರಿದೆ. ಪ್ರತಿ ಚೆಂಡನ್ನೂ ಪೂರ್ಣ ಶಕ್ತಿಯಿಂದ ಎಸೆಯುವ ಅಭ್ಯಾಸವನ್ನೇ ಆ ವರದಿ ಗಾಯಗಳಿಗೆ ಮುಖ್ಯ ಕಾರಣವೆಂದು ಗುರುತಿಸಿತು.

ಶಸ್ತ್ರಚಿಕಿತ್ಸೆಯ ನಂತರ ಚೇತರಿಕೆಗೆ ಸಾಮಾನ್ಯವಾಗಿ 12ರಿಂದ 18 ತಿಂಗಳು ಬೇಕು. ವೇಗ ಮೊದಲು ಮರಳುತ್ತದೆ, ಹಿಡಿತ ತಡವಾಗಿ. ರೋಸೆಂಥಾಲ್ ಅವರ ಚೆಂಡು 2019ರಲ್ಲಿಯೂ 95 ಮೈಲಿ ಮೀರಿಯೇ ಧಾವಿಸುತ್ತಿತ್ತು, ಆದರೆ ಎತ್ತ ಹೋಗುತ್ತದೆ ಎಂಬುದು ಅವರಿಗೇ ತಿಳಿಯದಂತಾಗಿತ್ತು. ಏಪ್ರಿಲ್ ಎರಡನೆಯ ವಾರದಲ್ಲಿ ಕೊನೆಗೂ ಮೊದಲ ಔಟ್ ದಕ್ಕಿತು. ಜೂನ್ 23ರಂದು ತಂಡ ಅವರನ್ನು ಕೈಬಿಟ್ಟಾಗ 6.1 ಇನಿಂಗ್ಸ್‌ಗಳಲ್ಲಿ 15 ಬ್ಯಾಟರ್‌ಗಳಿಗೆ ಉಚಿತ ಬೇಸ್ ಕೊಟ್ಟಿದ್ದರು, ಇಆರ್‌ಎ 22.74 ಇತ್ತು. ವೈದ್ಯರ ದೃಷ್ಟಿಯಲ್ಲಿ ಗುಣವಾದ ತೋಳು ಆಟದ ದೃಷ್ಟಿಯಲ್ಲಿ ಗುಣವಾಗಿರಲಿಲ್ಲ.

ಮೇ ತಿಂಗಳ ಪಾತಾಳ

ಮೇ 2ರಂದು ಪಿಚಿಂಗ್ ತರಬೇತುದಾರ ಡೆರೆಕ್ ಲಿಲಿಕ್ವಿಸ್ಟ್ ತಲೆದಂಡವಾಯಿತು. ಪ್ರಯೋಜನವಾಗಲಿಲ್ಲ. ಅದೇ ತಿಂಗಳ ಮೂರನೆಯ ವಾರ ನ್ಯೂಯಾರ್ಕ್‌ನಲ್ಲಿ ಮೆಟ್ಸ್ ವಿರುದ್ಧದ ನಾಲ್ಕೂ ಪಂದ್ಯಗಳನ್ನು ನ್ಯಾಷನಲ್ಸ್ ಸೋತಿತು. ಮೂರನೆಯ ಪಂದ್ಯದಲ್ಲಿ ಸ್ವತಃ ಡೂಲಿಟಲ್ 8ನೇ ಇನಿಂಗ್ಸ್‌ನಲ್ಲಿ ಮುನ್ನಡೆ ಕಳೆದರು. ಮರುದಿನ ಅದೇ 8ನೇ ಇನಿಂಗ್ಸ್‌ನಲ್ಲಿ ಕಾರ್ಲೊಸ್ ಗೊಮೆಜ್ ಮೂರು ರನ್‌ಗಳ ಹೋಮ್ ರನ್ ಹೊಡೆದರು. ಮೇ 23ರ ಆ ರಾತ್ರಿ ತಂಡದ ಲೆಕ್ಕ 19 ಗೆಲುವು, 31 ಸೋಲು. ವ್ಯವಸ್ಥಾಪಕ ಡೇವ್ ಮಾರ್ಟಿನೆಜ್ ಅವರನ್ನು ಇನ್ನೂ ಏಕೆ ಉಳಿಸಿಕೊಂಡಿದ್ದೀರಿ ಎಂಬುದೇ ರಾಜಧಾನಿಯ ಪತ್ರಿಕೆಗಳ ಪ್ರಶ್ನೆಯಾಗಿತ್ತು.

ಅಲ್ಲಿಂದ ತಂಡ ಎದ್ದಿತು. ಆದರೆ ಬುಲ್‌ಪೆನ್ ಸುಧಾರಿಸಿದ್ದರಿಂದ ಎದ್ದಿತೆಂದು ಹೇಳಿದರೆ ಅದು ಸುಳ್ಳಾದೀತು. ಜುಲೈ 31ರಂದು ಮೂವರು ಬದಲಿ ಪಿಚರ್‌ಗಳನ್ನು ಕೊಂಡರು. ಅವರಲ್ಲಿ ರೋನಿಸ್ ಎಲಿಯಾಸ್ ಮೊದಲ ಪಂದ್ಯದಲ್ಲೇ, ಅದೂ ಬ್ಯಾಟ್ ಮಾಡಿ ಓಡುವಾಗ, ತೊಡೆಯ ಸ್ನಾಯು ನೋಯಿಸಿಕೊಂಡರು! ಆಗಸ್ಟ್‌ನಲ್ಲಿ ಡೂಲಿಟಲ್ ಮಂಡಿನೋವಿನಿಂದ ಹೊರಗುಳಿದರು. ಸೆಪ್ಟೆಂಬರ್ 3ರಂದು ಮೆಟ್ಸ್ ವಿರುದ್ಧ 9ನೇ ಇನಿಂಗ್ಸ್‌ನಲ್ಲಿ ಬುಲ್‌ಪೆನ್ 5 ರನ್ ಕೊಟ್ಟಿತು. ಬ್ಯಾಟರ್‌ಗಳು ಅದೇ ಇನಿಂಗ್ಸ್‌ನಲ್ಲಿ 7 ರನ್ ಬಾರಿಸಿ 11-10ರಿಂದ ಗೆದ್ದರು. ಋತುವಿನ ಕೊನೆಗೆ 93 ಗೆಲುವು, 69 ಸೋಲು. ಬುಲ್‌ಪೆನ್‌ನ ಇಆರ್‌ಎ ಮಾತ್ರ 5.6ನ್ನು ಮೀರಿ, ನ್ಯಾಷನಲ್ ಲೀಗ್‌ನ 15 ತಂಡಗಳಲ್ಲೇ ಅತಿ ಕಳಪೆಯಾಗಿತ್ತು.

ಇಂಥ ಬುಲ್‌ಪೆನ್ ಇಟ್ಟುಕೊಂಡು ನಾಕೌಟ್ ಹಂತ ದಾಟುವ ಬಗೆ ಹೇಗೆ? ಮಾರ್ಟಿನೆಜ್ ಕಂಡುಕೊಂಡ ಉತ್ತರ ಸರಳ: ಅದನ್ನು ಆದಷ್ಟು ಬಳಸದಿರುವುದು. ಅಕ್ಟೋಬರ್‌ನಲ್ಲಿ ಪಂದ್ಯಗಳ ನಡುವೆ ಬಿಡುವು ಹೆಚ್ಚು, ಆದ್ದರಿಂದ ಸ್ಟಾರ್ಟರ್‌ಗಳನ್ನೇ ಬದಲಿಗಳಾಗಿ ಇಳಿಸಬಹುದು. ಮಿಲ್ವಾಕಿ ವಿರುದ್ಧದ ಮೊದಲ ಪಂದ್ಯದಲ್ಲಿ ಶೆರ್ಜರ್ ಐದು ಇನಿಂಗ್ಸ್ ಎಸೆದ ಮೇಲೆ ಬಂದವರು ಸ್ಟ್ರಾಸ್‌ಬರ್ಗ್. ನಿಜವಾದ ಬದಲಿಗಳ ಪೈಕಿ ಹೆಚ್ಚಿನ ನಂಬಿಕೆ ಇದ್ದದ್ದು ಇಬ್ಬರಲ್ಲಿ: ಗುಣಮುಖರಾದ ಡೂಲಿಟಲ್ ಹಾಗೂ ಜುಲೈನಲ್ಲಿ ಟೊರಾಂಟೊದಿಂದ ಬಂದ ಡೇನಿಯಲ್ ಹಡ್ಸನ್. ಹಡ್ಸನ್ 2012 ಮತ್ತು 2013ರಲ್ಲಿ, ಎರಡು ಬಾರಿ ಟಾಮಿ ಜಾನ್ ಶಸ್ತ್ರಚಿಕಿತ್ಸೆಗೆ ಒಳಗಾದವರು.

ಹ್ಯೂಸ್ಟನ್ ಆಸ್ಟ್ರೋಸ್ ವಿರುದ್ಧದ ವಿಶ್ವ ಸರಣಿ 2-2ರಲ್ಲಿದ್ದಾಗ ಶೆರ್ಜರ್ ಕುತ್ತಿಗೆ ಹಿಡಿದುಕೊಂಡಿತು. ಅಕ್ಟೋಬರ್ 27ರ ಬೆಳಿಗ್ಗೆ ಪತ್ನಿಯ ನೆರವಿಲ್ಲದೆ ಬಟ್ಟೆ ತೊಡಲೂ ಆಗದ ಸ್ಥಿತಿ. ಅಂದಿನ ಐದನೆಯ ಪಂದ್ಯ ಕೈತಪ್ಪಿತು. ಕಾರ್ಟಿಸೋನ್ ಚುಚ್ಚುಮದ್ದು ಪಡೆದು ಅಕ್ಟೋಬರ್ 30ರ ಏಳನೆಯ ಪಂದ್ಯಕ್ಕೆ ಇಳಿದ ಅವರು ಐದು ಇನಿಂಗ್ಸ್‌ಗಳಲ್ಲಿ ಎರಡೇ ರನ್ ಕೊಟ್ಟರು. ಮುಂದಿನ ಮೂರು ಇನಿಂಗ್ಸ್ ರನ್ ಕೊಡದೆ ಎಸೆದವರು ಸ್ಟಾರ್ಟರ್ ಕಾರ್ಬಿನ್. ಅವರಿಗೂ 2014ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಾಗಿತ್ತು. ಕೊನೆಯ ಔಟ್ ಪಡೆದವರು ಹಡ್ಸನ್. 6-2ರ ಜಯ. ಆ ಸರಣಿಯ ಏಳೂ ಪಂದ್ಯಗಳನ್ನು ಪರಸ್ಥಳದ ತಂಡವೇ ಗೆದ್ದದ್ದು ಮತ್ತೊಂದು ವಿಚಿತ್ರ.

ಸರಣಿ ಶ್ರೇಷ್ಠ ಪ್ರಶಸ್ತಿ ಸ್ಟ್ರಾಸ್‌ಬರ್ಗ್ ಪಾಲಾಯಿತು. ಅವರ ಹಿನ್ನೆಲೆ ಅರಿಯದೆ ಈ ಕಥೆ ಪೂರ್ಣವಾಗದು. 2010ರಲ್ಲಿ ಚೊಚ್ಚಲ ಪಂದ್ಯದಲ್ಲೇ 14 ಬ್ಯಾಟರ್‌ಗಳನ್ನು ಸ್ಟ್ರೈಕೌಟ್ ಮಾಡಿದ ಈ ಯುವಕನಿಗೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾಯಿತು. ತೋಳು ಉಳಿಸುವ ಸಲುವಾಗಿ 2012ರಲ್ಲಿ 159.1 ಇನಿಂಗ್ಸ್‌ಗೆ ಅವರನ್ನು ನಿಲ್ಲಿಸಿ, ನಾಕೌಟ್‌ಗೂ ಇಳಿಸಲಿಲ್ಲ. ಆ ವರ್ಷದ ನಿರ್ಣಾಯಕ ಪಂದ್ಯದಲ್ಲಿ 6-0 ಮುನ್ನಡೆ ಕರಗಿ, 9ನೇ ಇನಿಂಗ್ಸ್‌ನಲ್ಲಿ ಬುಲ್‌ಪೆನ್ ಕುಸಿದು ತಂಡ ಹೊರಬಿದ್ದಾಗ ಆ ನಿರ್ಧಾರದ ಬಗ್ಗೆ ಎದ್ದ ವಾದ ವರ್ಷಗಳ ಕಾಲ ತಣ್ಣಗಾಗಲಿಲ್ಲ. 2019ರಲ್ಲಿ ಯಾರೂ ತೋಳು ಉಳಿಸುವ ಮಾತಾಡಲಿಲ್ಲ. ಲೀಗ್ ಹಂತದಲ್ಲೇ ಅವರು 209 ಇನಿಂಗ್ಸ್ ಎಸೆದಿದ್ದರು, ಅಕ್ಟೋಬರ್‌ನದು ಅದರ ಮೇಲೆ.

ಆ ಡಿಸೆಂಬರ್‌ನಲ್ಲಿ ಸ್ಟ್ರಾಸ್‌ಬರ್ಗ್‌ಗೆ ಏಳು ವರ್ಷಗಳ 24.5 ಕೋಟಿ ಡಾಲರ್ ಒಪ್ಪಂದ ದೊರೆಯಿತು. ರೋಸೆಂಥಾಲ್ ಕೂಡ 2020ರಲ್ಲಿ ಕಾನ್ಸಾಸ್ ಸಿಟಿ ಮತ್ತು ಸ್ಯಾನ್ ಡಿಯಾಗೊ ತಂಡಗಳಿಗೆ ಆಡಿ, 1.90 ಇಆರ್‌ಎಯೊಂದಿಗೆ ಹಳೆಯ ಹಿಡಿತ ಮರಳಿ ಪಡೆದಿದ್ದರು. 2021ರಲ್ಲಿ ಇಬ್ಬರೂ ಒಂದೇ ತೊಂದರೆಗೆ ಸಿಕ್ಕಿದರು. ಕೊರಳ ಬುಡದಿಂದ ತೋಳಿಗೆ ಇಳಿಯುವ ನರ ಮತ್ತು ರಕ್ತನಾಳಗಳು ಪಕ್ಕೆಲುಬಿನ ಬಳಿ ಅದುಮಿಹೋಗುವ ಈ ಸ್ಥಿತಿಗೆ ವೈದ್ಯರು ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಎನ್ನುತ್ತಾರೆ. ಓಕ್‌ಲ್ಯಾಂಡ್ ಸೇರಿದ್ದ ರೋಸೆಂಥಾಲ್ ಆ ವರ್ಷ ಒಂದು ಚೆಂಡನ್ನೂ ಎಸೆಯಲಾಗಲಿಲ್ಲ. ಸ್ಟ್ರಾಸ್‌ಬರ್ಗ್ ಹೊಸ ಒಪ್ಪಂದದಡಿ 2020ರಲ್ಲಿ 2, 2021ರಲ್ಲಿ 5, 2022ರಲ್ಲಿ 1 ಪಂದ್ಯ ಆರಂಭಿಸಿದರು. ಒಟ್ಟು 31.1 ಇನಿಂಗ್ಸ್. 2024ರ ಏಪ್ರಿಲ್‌ನಲ್ಲಿ ಅವರ ನಿವೃತ್ತಿ ಅಧಿಕೃತವಾಯಿತು.