ಹಸುಗಳ ಕೆಚ್ಚಲು ಬಾವು ಮತ್ತು ಅರೆಮದ್ದಿನ ಹಾನಿ

ಕರೆಯುವ ಹಸುಗಳಿಗೆ ಕೆಚ್ಚಲು ಬಾವು ಬರುವುದು ರೈತರೆಲ್ಲರೂ ಕಂಡ ಸಂಗತಿಯೇ ಆಗಿದೆ. ಕೆಚ್ಚಲು ಬಾತು ಬಿಸಿಯಾಗುವುದು. ಹಾಲು ಒಡೆದು ಗರಣೆಗಟ್ಟುವುದು. ಮೊಲೆಯ ರಂಧ್ರದಿಂದ ಒಳಹೊಕ್ಕ ರೋಗಾಣುಗಳೇ ಸಾಮಾನ್ಯವಾಗಿ ಇದಕ್ಕೆ ಕಾರಣ. ಇವುಗಳನ್ನು ಕೊಲ್ಲುವುದಕ್ಕೆ ಪೆನಿಸಿಲಿನ್ ಮೊದಲಾದ ಆಂಟಿಬಯಾಟಿಕ್ ಔಷಧಗಳುಂಟು.

ಆದರೆ ಅನೇಕರು ಬಾವು ಇಳಿದೊಡನೆಯೇ ಔಷಧವನ್ನು ನಿಲ್ಲಿಸಿಬಿಡುವರು. ಕೆಲವರು ಹಿಂದೆ ಉಳಿದುದನ್ನೇ ಅಂದಾಜಿನಿಂದ ಕೊಡುವರು. ಇದರಿಂದ ದುರ್ಬಲವಾದ ರೋಗಾಣುಗಳು ಮಾತ್ರ ಸತ್ತು, ಔಷಧವನ್ನು ತಾಳಿಕೊಂಡವು ಉಳಿದು ಹೆಚ್ಚುವುವು. ರೈತನು ಗಟ್ಟಿ ತೆನೆಗಳನ್ನು ಬಿತ್ತನೆಗೆ ಆರಿಸಿಡುವಂತೆ, ಅರೆಮದ್ದು ಗಟ್ಟಿ ರೋಗಾಣುಗಳನ್ನೇ ಬಿತ್ತನೆಗೆ ಉಳಿಸಿಕೊಡುವುದು. 1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರು, 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ ಈ ಅಪಾಯವನ್ನು ಸೂಚಿಸಿದ್ದರು.

ಈ ಹಾನಿಯು ಒಂದು ಹಸುವಿಗೆ ಮಾತ್ರ ಸೇರಿದುದಲ್ಲ. ಇಂತಹ ರೋಗಾಣುಗಳು ಸಗಣಿ, ಹಸಿಹಾಲು, ಕರೆಯುವವರ ಕೈ ಇವುಗಳ ಮೂಲಕ ಮನುಷ್ಯರಿಗೂ ಹರಡಬಲ್ಲವು. ಕೊಲಿಸ್ಟಿನ್ ಎಂಬುದು, ಬೇರೆ ಔಷಧಗಳು ಫಲಿಸದ ರೋಗಿಗಳಿಗೆ ಕಡೆಯದಾಗಿ ಕೊಡುವ ಔಷಧ. ಇದನ್ನು ಎದುರಿಸುವ ಶಕ್ತಿಯು ಒಂದು ರೋಗಾಣುವಿನಿಂದ ಇನ್ನೊಂದಕ್ಕೆ ದಾಟಬಲ್ಲುದೆಂಬುದು 2015ರಲ್ಲಿ ಚೀಣಾ ದೇಶದ ಹಂದಿಗಳನ್ನು ಪರೀಕ್ಷಿಸಿದಾಗ ತಿಳಿದುಬಂತು. 2019ರಲ್ಲಿ ಭಾರತ ಸರ್ಕಾರವು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೂ ಕೋಳಿಗಳಿಗೂ ಪಶುಆಹಾರಕ್ಕೂ ಈ ಔಷಧವನ್ನು ಮಾರಕೂಡದೆಂದು ನಿಷೇಧಿಸಿತು.

ಆದಕಾರಣ ಜಮೀನುದಾರರು ಈ ಕೆಳಕಂಡ ಕ್ರಮಗಳನ್ನು ಅನುಸರಿಸತಕ್ಕದ್ದು:

(1) ಪಶುವೈದ್ಯರಿಗೆ ತೋರಿಸದೆ ಈ ಔಷಧಗಳನ್ನು ಕೊಡಬಾರದು. ಅವರು ಹೇಳಿದಷ್ಟು ಪ್ರಮಾಣವನ್ನು ಹೇಳಿದಷ್ಟು ದಿನ ತಪ್ಪದೆ ಕೊಡಿಸಬೇಕು.

(2) ಔಷಧ ಕೊಟ್ಟ ಹಸುವಿನ ಹಾಲನ್ನು ವೈದ್ಯರು ತಿಳಿಸುವ ಅವಧಿಯವರೆಗೆ ಮಾರಲೂಬಾರದು, ಮನೆಯಲ್ಲಿ ಬಳಸಲೂಬಾರದು, ಕರುವಿಗೆ ಕುಡಿಸಲೂಬಾರದು.

(3) ಕರೆಯುವ ಮುನ್ನ ಕೈಯನ್ನೂ ಕೆಚ್ಚಲನ್ನೂ ತೊಳೆದು ಶುಭ್ರವಾದ ಬಟ್ಟೆಯಿಂದ ಒರೆಸಬೇಕು. ರೋಗದ ಹಸುವನ್ನು ಕಡೆಯಲ್ಲಿ ಕರೆಯಬೇಕು; ಅದರ ಕೆಟ್ಟ ಹಾಲನ್ನು ಕೊಟ್ಟಿಗೆಯ ನೆಲಕ್ಕೆ ಹಿಂಡಬಾರದು.

(4) ಕಾಲುಬಾಯಿ ಜ್ವರವು ವೈರಸ್ಸಿನಿಂದ ಬರುವುದರಿಂದ ಈ ಔಷಧಗಳು ಆ ವೈರಸ್ಸನ್ನು ಕೊಲ್ಲಲಾರವು. ಅದಕ್ಕೆ ಕಾಲಕಾಲಕ್ಕೆ ಲಸಿಕೆ ಹಾಕಿಸುವುದೇ ತಕ್ಕ ಉಪಾಯ.

ಒಂದು ಮನೆಯವರು ಜಾಗರೂಕರಾಗಿದ್ದು ನೆರೆಯವರು ಅಲಕ್ಷ್ಯ ಮಾಡಿದರೆ ಫಲವು ಪೂರ್ಣವಾಗದು. ಇಂದು ಹಸುವಿನಲ್ಲಿ ಸೋತ ಔಷಧವು ನಾಳೆ ಮನೆಯ ಮಗುವಿನ ಜ್ವರಕ್ಕೂ ಫಲಿಸದೆ ಹೋಗಬಹುದು. ಗ್ರಾಮದ ಮುಖ್ಯಸ್ಥರು ಈ ವಿಷಯವನ್ನು ಹಾಲು ಹಾಕುವವರೆಲ್ಲರಿಗೂ ತಿಳಿಯಪಡಿಸಿ, ಲಸಿಕೆ ಹಾಕುವ ದಿನ ಊರಿನ ದನಗಳೆಲ್ಲವನ್ನೂ ಒಂದೆಡೆ ಸೇರಿಸುವ ಏರ್ಪಾಡು ಮಾಡುವುದು ಅತ್ಯಾವಶ್ಯಕ.