ಅಡಿಕೆಗೆ ಮದ್ದು, ಕಣ್ಣಿಗೆ ಕುತ್ತು: ಮೈಲುತುತ್ತ ಮುಟ್ಟುವ ಮುನ್ನ

ಮಳೆಗಾಲ ಹತ್ತಿರ ಬಂತೆಂದರೆ ಮಲೆನಾಡಿನ ಗೊಬ್ಬರದಂಗಡಿಗಳಲ್ಲಿ ಮೈಲುತುತ್ತಕ್ಕೆ ಬೇಡಿಕೆ ಶುರು. ಈ ನೀಲಿ ಹರಳಿನ ಶಾಸ್ತ್ರೀಯ ಹೆಸರು ಕಾಪರ್ ಸಲ್ಫೇಟ್. ಇದಕ್ಕೆ ಸುಣ್ಣ ಸೇರಿಸಿದರೆ ಬೋರ್ಡೋ ದ್ರಾವಣ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಹೊತ್ತಿಗೆ ಹೆಸರಾದ ಈ ಮದ್ದು ನಮ್ಮ ಅಡಿಕೆಯ ಕೊಳೆರೋಗಕ್ಕೂ ಬಂತು. ಮೈಸೂರು ಸಂಸ್ಥಾನದಲ್ಲಿ ಆ ರೋಗದ ಅಧ್ಯಯನ ನಡೆಸಿದವರು ವಿಜ್ಞಾನಿ ಲೆಸ್ಲಿ ಕೋಲ್ಮನ್.

ತಲೆಮಾರುಗಳಿಂದ ಬಳಸಿದ್ದಲ್ವಾ, ಏನಾಗುತ್ತೆ ಎಂಬ ಸಸಾರವೇ ಇಲ್ಲಿ ಅಪಾಯ. ಸುಣ್ಣ ಸೇರುವ ಮೊದಲು ತುತ್ತದ ನೀರು ಆಮ್ಲೀಯ. ಕಣ್ಣಿಗೆ ಸಿಡಿದರೆ ಪಾಪೆಗೇ ಪೆಟ್ಟಾಗಬಹುದು. ಗಾಯವಿದ್ದ ಕೈಗೆ ತಾಗಿದರೆ ಉರಿ. ಸುಣ್ಣವೂ ಕಣ್ಣಿಗೆ ಕಡಿಮೆ ಕೆಟ್ಟದ್ದಲ್ಲ. ಹಾಗಾಗಿ ಮರ ಹತ್ತುವವರಷ್ಟೇ ಅಲ್ಲ, ಕೆಳಗೆ ಡ್ರಮ್ಮಿನ ಹತ್ತಿರ ಕದಡುವವರೂ ಕನ್ನಡಕ, ರಬ್ಬರ್ ಕೈಗವಸು ಹಾಕಲೇಬೇಕು. ಬರಿಗೈಯಲ್ಲಿ ಕದಡುವುದಂತೂ ಬೇಡವೇ ಬೇಡ.

ಶೇ. 1ರ ದ್ರಾವಣಕ್ಕೆ 1 ಕೆಜಿ ತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ತಿರುಗುಮುರುಗು ಮಾಡಬಾರದು. ಆಮೇಲೆ ತಿಕ್ಕಿ ಹೊಳಪು ಬರಿಸಿದ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ. ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಅಂಥದ್ದನ್ನು ಹೊಡೆದರೆ ಗೊನೆಯೂ ಸುಡುತ್ತದೆ, ಹೊಡೆಯುವವರ ಚರ್ಮವೂ ಉರಿಯುತ್ತದೆ.

ಸರಿಯಾಗಿ ಬೆರೆಸಿದ ದ್ರಾವಣದಲ್ಲೂ ಹನಿಮಂಜಿನ ಸಮಸ್ಯೆ ಉಳಿಯುತ್ತದೆ. ಪೋರ್ಚುಗಲ್‌ನಲ್ಲಿ ವರ್ಷಗಟ್ಟಲೆ ದ್ರಾಕ್ಷಿಗೆ ಬೋರ್ಡೋ ಸಿಂಪಡಿಸಿದ ಕೂಲಿಕಾರರ ಶ್ವಾಸಕೋಶದಲ್ಲಿ ತಾಮ್ರ ಸೇರಿ ಕಾಯಿಲೆಯಾದದ್ದನ್ನು ವೈದ್ಯರು 1969ರಲ್ಲೇ ವರದಿ ಮಾಡಿದ್ದಾರೆ. ಅಡಿಕೆಗೆ ಮದ್ದು ಹೊಡೆಯುವಾಗ ಮುಖ ಮೇಲೆ, ಹನಿ ಕೆಳಗೆ. ಮೂಗಿಗೆ ಕಟ್ಟಿದ ಟವೆಲ್ ಒದ್ದೆಯಾದರೆ ಅದೇ ಮದ್ದಿನ ಬಟ್ಟೆಯಾಗುತ್ತದೆ. ಮಾಸ್ಕ್ ಬೇಕು, ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಕೈ ತೊಳೆಯದೆ ಕವಳ ಹಾಕಬಾರದು.

ಅಂಗಡಿಯವರಿಗೂ ಒಂದು ಮಾತು. ಬಿಡಿ ತುತ್ತವನ್ನು ಹೆಸರಿಲ್ಲದ ಕೊಟ್ಟೆಯಲ್ಲಿ ಕಟ್ಟಿ ಕೊಡಬೇಡಿ, ದಿನಸಿ ಪಕ್ಕ ಇಡಬೇಡಿ. ಮಕ್ಕಳ ಕಣ್ಣಿಗೆ ಅದು ಬಣ್ಣದ ಕಲ್ಲುಸಕ್ಕರೆ. ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆ ಉರಿ. ಹೆಚ್ಚಾದರೆ ರಕ್ತಕಣ, ಲಿವರ್, ಕಿಡ್ನಿಗೆ ಹಾನಿಯಾಗಿ ಜೀವಕ್ಕೇ ಕುತ್ತು. ಆಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, ಪ್ಯಾಕೆಟ್ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಕಣ್ಣಿಗೆ ಬಿದ್ದರೆ ಶುದ್ಧ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸಿ.

ಪಂಪು, ಡ್ರಮ್ಮುಗಳನ್ನು ಹಳ್ಳದಲ್ಲಿ ತೊಳೆಯಬೇಡಿ. ತಾಮ್ರ ಮೀನಿಗೆ ವಿಷ.